ಏಳು ರಾತ್ರಿ, ಮೂರು ಬಾಗಿಲು: ಫ್ಲ್ಯಾಟ್, ಹೋಟೆಲ್, ಹೋಮ್‌ಸ್ಟೇ

ರಜೆಗೆಂದು ಅಕ್ಕ ಮತ್ತು ನಾನು ಇಬ್ಬರೇ ಹೋಗಿದ್ದೆವು. ಊರು ಹೊಸದು, ಅಲ್ಲಿನ ಭಾಷೆ ಇಬ್ಬರಿಗೂ ಬಾರದು. ಏಳು ರಾತ್ರಿಗೂ ಸೇರಿಸಿ ಒಂದೇ ಫ್ಲ್ಯಾಟ್ ಬುಕ್ ಮಾಡಿದ್ದೆವು. ಅಲ್ಲಿ ಎರಡೇ ರಾತ್ರಿ ಇದ್ದು, ಆಮೇಲೆ ಎರಡು ರಾತ್ರಿ ಹೋಟೆಲಿನಲ್ಲಿ, ಕೊನೆಯ ಮೂರು ರಾತ್ರಿ ಒಂದು ಮನೆಯವರು ಬಾಡಿಗೆಗೆ ಕೊಡುವ ಕೋಣೆಯಲ್ಲಿ ಕಳೆದೆವು. ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ಮೂರನ್ನೂ ಕಂಡಿದ್ದರಿಂದ ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಫ್ಲ್ಯಾಟು. ಫೋಟೊದಲ್ಲಿದ್ದ ಸಾಮಾನುಗಳೆಲ್ಲ ಅಲ್ಲಿದ್ದವು, ಇಲ್ಲ ಅನ್ನುವಂತಿಲ್ಲ. ಆದರೆ ಅಗಲ ಲೆನ್ಸಿನಲ್ಲಿ ತೆಗೆದ ಚಿತ್ರಗಳು ಅವು. ಹಾಲ್ ಅಂದುಕೊಂಡಿದ್ದ ಜಾಗದಲ್ಲಿ ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುತ್ತಿತ್ತು. ಗೋಡೆಯಲ್ಲಿ ತೇವ. ಬಾತ್‌ರೂಮಿನ ಕಿಟಕಿಗೆ ಹಲಗೆ ಹೊಡೆದು ಮುಚ್ಚಿದ್ದರು, ಗ್ಯಾಸ್ ಗೀಸರ್ ಒಳಗೇ ಇತ್ತು. ಇದನ್ನು ಮಾತ್ರ ಸಣ್ಣ ವಿಷಯ ಅಂದುಕೊಳ್ಳಬೇಡಿ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆ ಸುತ್ತಿ ಬೀಳುವವರೆಗೂ ಏನಾಗುತ್ತಿದೆ ಎಂದು ತಿಳಿಯದೇ ಹೋಗಬಹುದು. ಒಬ್ಬರು ಸ್ನಾನಕ್ಕೆ ಹೋದಾಗ ಬಾಗಿಲು ಓರೆ ಮಾಡಿಟ್ಟು, ಇನ್ನೊಬ್ಬರು ಹೊರಗೆ ಕೂತು ಮಾತಾಡಿಸುತ್ತಲೇ ಇದ್ದೆವು.

ಇದನ್ನೆಲ್ಲ ಸಹಿಸಿಕೊಂಡಿರುತ್ತಿದ್ದೆವೇನೋ. ನಮ್ಮನ್ನು ಅಲ್ಲಿಂದ ಎಬ್ಬಿಸಿದ್ದು ಬಾಗಿಲು.

ಬೀಗದ ಕೈ ಕೊಡಲು ಯಾರೂ ಬಂದಿರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಗುಂಡಿಗಳಿದ್ದ ಸಣ್ಣ ಕಬ್ಬಿಣದ ಡಬ್ಬಿ. ನಾಲ್ಕು ಅಂಕಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಹತ್ತು ಗುಂಡಿಗಳಲ್ಲಿ ನಾಲ್ಕರ ಬಣ್ಣ ಮಾತ್ರ ಸವೆದು ಲೋಹ ಮಿನುಗುತ್ತಿತ್ತು. ನಾಲ್ಕಂಕಿಯ ಗುಟ್ಟಿಗೆ 10,000 ಸಾಧ್ಯತೆಗಳಿರುತ್ತವೆ. ಯಾವ ನಾಲ್ಕು ಅಂಕಿಗಳೆಂದು ಗೊತ್ತಾದರೆ ಉಳಿಯುವುದು 24 ಮಾತ್ರ. ಗುಂಡಿ ಅಷ್ಟು ಸವೆದಿದೆ ಎಂದರೆ ಎಷ್ಟೋ ಕಾಲದಿಂದ ಅದೇ ಸಂಖ್ಯೆ ನಡೆದುಕೊಂಡು ಬಂದಿದೆ ಎಂದೇ ಅರ್ಥ. ನಮಗಿಂತ ಮುಂಚೆ ಬಂದುಹೋದವರಿಗೆಲ್ಲ ಅದು ಗೊತ್ತು.

ಒಳಗಿನಿಂದ ನೋಡಿದ ಅಕ್ಕ, "ಚಿಲಕಾನೇ ಇಲ್ಲ ಕಣೇ ಇದಕ್ಕೆ" ಎಂದಳು. ಚೌಕಟ್ಟಿನಲ್ಲಿ ನಾಲ್ಕು ಮೊಳೆ ತೂತು ಇದ್ದವು, ಚಿಲಕ ಕಿತ್ತುಹಾಕಿದ್ದರು.

ಎರಡನೇ ರಾತ್ರಿ ಒಂದು ಗಂಟೆಯ ಹೊತ್ತಿಗೆ ಆ ಡಬ್ಬಿಯ ಗುಂಡಿಗಳನ್ನು ಯಾರೋ ಒತ್ತುವ ಸದ್ದು ಕೇಳಿಸಿತು. ಟಕ್, ಟಕ್, ಟಕ್, ಟಕ್. ಮುಚ್ಚಳ ತೆರೆದುಕೊಂಡಿತು. ಬೀಗದ ಕೈ ನಮ್ಮ ಬಳಿಯೇ ಇದ್ದುದರಿಂದ ಡಬ್ಬಿ ಖಾಲಿ. ಆದರೂ ಆ ವ್ಯಕ್ತಿ ತಕ್ಷಣ ಹೋಗಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಕಾಲಿನ ನೆರಳು ಕಾಣುತ್ತಿತ್ತು. ಅಕ್ಕ ಊಟದ ಮೇಜನ್ನು ಬಾಗಿಲಿಗೆ ತಳ್ಳಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ನಾನು ಮಾಲೀಕರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಪೊಲೀಸರಿಗೆ ಮಾಡೋಣವೆಂದರೆ ಆ ಊರಿನ ತುರ್ತು ಸಂಖ್ಯೆ ಏನೆಂದೇ ನಾನು ನೋಡಿಟ್ಟುಕೊಂಡಿರಲಿಲ್ಲ. ಭಾರತದಲ್ಲಿ, ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911 — ಹೊರಡುವ ಮುಂಚೆ ಒಂದು ನಿಮಿಷದಲ್ಲಿ ತಿಳಿದುಕೊಳ್ಳಬಹುದಾದ ವಿಷಯ ಇದು. ಸ್ವಲ್ಪ ಹೊತ್ತಿನ ಮೇಲೆ ನೆರಳು ಸರಿಯಿತು. ನಮಗೆ ಏನೂ ಆಗಲಿಲ್ಲ. ಬಂದವರು ದಾರಿ ತಪ್ಪಿದ ಹಳೆಯ ಅತಿಥಿಯೇ ಇರಬಹುದು. ಬೆಳಗಿನವರೆಗೆ ಇಬ್ಬರೂ ಕಣ್ಣು ಮುಚ್ಚಲಿಲ್ಲ.

ಹೋಟೆಲ್ ಕೋಣೆ ಆ ಫ್ಲ್ಯಾಟಿನ ಅರ್ಧವೂ ಇರಲಿಲ್ಲ. ಕಿಟಕಿ ತೆಗೆದರೆ ಎದುರು ಕಟ್ಟಡದ ಗೋಡೆ. ಲಿಫ್ಟಿನ ಸದ್ದು ರಾತ್ರಿಯಿಡೀ. ಅಡುಗೆ ಮಾಡಿಕೊಳ್ಳುವ ಹಾಗಿಲ್ಲ, ಬಟ್ಟೆ ಒಣಗಿಸಲು ಜಾಗವಿಲ್ಲ. ಆದರೂ ಒಳಗೆ ಹೋಗಿ ಚಿಲಕ ಹಾಕಿ ಸರಪಳಿ ಸಿಕ್ಕಿಸಿದ ಕೂಡಲೇ ಅಕ್ಕ ಹಾಸಿಗೆಗೆ ಬಿದ್ದು ನಿದ್ದೆ ಹೋದಳು. ರಿಸೆಪ್ಷನ್ನಿನಲ್ಲಿದ್ದ ಹುಡುಗಿ ಕೋಣೆಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ; ಕಾಗದದ ಮೇಲೆ ಬರೆದು ನಮ್ಮ ಕಡೆ ಸರಿಸಿದ್ದಳು. ಹಿಂದೆ ಇನ್ನೂ ನಾಲ್ಕು ಜನ ಸಾಲಿನಲ್ಲಿದ್ದರು. ಆ ಒಂದು ಸಣ್ಣ ಕೆಲಸ ನನಗೆ ಕೊಟ್ಟ ನೆಮ್ಮದಿ ಹೇಳತೀರದು. ಕೆಲಸದವರ ಹತ್ತಿರ ಎಲ್ಲ ಕೋಣೆಗೂ ಹೊಂದುವ ಕೀ ಇರುತ್ತದೆ ನಿಜ. ಆದರೆ ಒಳಗಿನ ಚಿಲಕ ನಮ್ಮದು, ಕೆಳಗೆ ರಾತ್ರಿಯೆಲ್ಲ ಒಬ್ಬರು ಎಚ್ಚರವಾಗಿರುತ್ತಾರೆ.

ಹೋಮ್‌ಸ್ಟೇಯ ಕೋಣೆಗೆ ಬೀಗವೇ ಇರಲಿಲ್ಲ, ಬರೀ ಅಗಣಿ. ಹಾಗಿದ್ದೂ ಮೂರರಲ್ಲಿ ನಾವು ಹಾಯಾಗಿದ್ದದ್ದು ಅಲ್ಲೇ. ಮನೆಯ ಹಿರಿಯಾಕೆ ಮೊದಲ ಸಂಜೆಯೇ ನಮ್ಮ ನಕ್ಷೆ ಬಿಡಿಸಿ, ಕತ್ತಲಾದ ಮೇಲೆ ಹೋಗಬಾರದ ಎರಡು ರಸ್ತೆಗಳ ಮೇಲೆ ಪೆನ್ನಿನಲ್ಲಿ ಗೆರೆ ಎಳೆದರು. ಅದರಲ್ಲಿ ಒಂದು, ದೀಪಗಳು ಝಗಮಗಿಸುವ ರಸ್ತೆ. ನಾವು ದಿನವೂ ಧೈರ್ಯವಾಗಿ ಓಡಾಡುತ್ತಿದ್ದದ್ದು ಅಲ್ಲೇ. ನಮಗೆ ಎದೆ ಡವಗುಟ್ಟಿಸುತ್ತಿದ್ದ ಕತ್ತಲ ಓಣಿಗೆ ಗೆರೆ ಬೀಳಲಿಲ್ಲ. ಅಲ್ಲಿ ಇರುವವರೆಲ್ಲ ಅವರ ಪರಿಚಯದ ಮನೆಯವರು. ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ ಇರಬಹುದು. ಅದನ್ನು ಹೇಳಿಕೊಡಲು ಊರಿನವರೇ ಬೇಕು. ಕಷ್ಟವೂ ಇತ್ತು: ಹತ್ತು ಗಂಟೆಯೊಳಗೆ ಮನೆ ಸೇರಬೇಕು, ಜೋರಾಗಿ ನಗುವ ಹಾಗಿಲ್ಲ, ಬಾತ್‌ರೂಮಿಗೆ ಸರದಿ. ಮನೆಯವರು ಒಳ್ಳೆಯವರಾಗಿದ್ದದ್ದು ನಮ್ಮ ಅದೃಷ್ಟ. ಹೊಂದಿಕೆಯಾಗದ ಮನೆಯಾಗಿದ್ದರೆ ಮೂರು ರಾತ್ರಿ ಉಸಿರುಕಟ್ಟುತ್ತಿತ್ತು.

ದುಡ್ಡಿನ ವಿಷಯದಲ್ಲಿ ಫ್ಲ್ಯಾಟೇ ಎಲ್ಲಕ್ಕಿಂತ ದುಬಾರಿಯಾಯಿತು. ಮೊದಲ ದಿನ ಚಿಲಕದ ಬಗ್ಗೆ ಮಾಲೀಕರಿಗೆ ಫೋನಿನಲ್ಲಿ ಹೇಳಿ ಸುಮ್ಮನಾಗಿದ್ದೆ. ಬುಕಿಂಗ್ ಆ್ಯಪಿನಲ್ಲಿ ಒಂದು ಸಾಲು ಬರೆದಿರಲಿಲ್ಲ, ಫೋಟೊ ಹಾಕಿರಲಿಲ್ಲ. ಹೇಳಿದ್ದಕ್ಕೆ ಪುರಾವೆಯಿಲ್ಲವೆಂದು ಉಳಿದ ಐದು ರಾತ್ರಿಯಲ್ಲಿ ಎರಡರ ಹಣ ಮಾತ್ರ ವಾಪಸ್ ಬಂತು.

ಮುಂದಿನ ಪ್ರಯಾಣಕ್ಕೆ ಮೊದಲ ಎರಡು ರಾತ್ರಿ ಹೋಟೆಲೇ, ಅದೂ ಹಗಲು ಹೊತ್ತಿನಲ್ಲಿ ತಲುಪುವ ಹಾಗೆ. ಆಮೇಲಿನ ದಿನಗಳಿಗೆಂದು ಮೂರು ಹೋಮ್‌ಸ್ಟೇಗಳಿಗೆ ಬರೆದು ಒಂದನ್ನೇ ಕೇಳಿದ್ದೇನೆ: ಕೋಣೆಯ ಬಾಗಿಲಿನ ಒಳಬದಿಯ ಫೋಟೊ ಕಳಿಸಿ ಎಂದು. ಇಬ್ಬರು ಅಂದೇ ಕಳಿಸಿದರು. ಮೂರನೆಯವರು ಬಾಲ್ಕನಿಯಿಂದ ಕಾಣುವ ನೋಟದ ಫೋಟೊ ಕಳಿಸಿದ್ದಾರೆ. ಆ ಹೆಸರನ್ನು ಅಕ್ಕ ಪಟ್ಟಿಯಿಂದ ಹೊಡೆದುಹಾಕಿದಳು.