ಎಆರ್‌ಪಿ ಸ್ಪೂಫಿಂಗ್ ತಡೆಯಲು ನಾಲ್ಕು ದಾರಿ ಬಳಸಿ ನೋಡಿದೆ, ಸ್ವಿಚ್ಚೇ ಮೇಲು

ಸಣ್ಣ ಆಫೀಸ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಎಆರ್‌ಪಿ ಅಂದರೆ ಒಂದು ಐಪಿ ಅಡ್ರೆಸ್ ಯಾವ ಮೆಷಿನ್‌ನದು ಎಂದು ನೆಟ್‌ವರ್ಕ್‌ನೊಳಗೆ ಕೇಳಿ ತಿಳಿಯುವ ವಿಧಾನ, ಅದಕ್ಕೆ ಸುಳ್ಳು ಉತ್ತರ ಕೊಡುವುದೇ ಸ್ಪೂಫಿಂಗ್. ಎಆರ್‌ಪಿ ಸ್ಪೂಫಿಂಗ್ ತಡೆಯಬೇಕಾದರೆ ‘ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್’ ಇರುವ ಮ್ಯಾನೇಜ್ಡ್ ಸ್ವಿಚ್ (ಎಲ್ಲರ ಕೇಬಲ್ ಸೇರುವ, ಸೆಟ್ಟಿಂಗ್ ಬದಲಿಸಬಹುದಾದ ಪೆಟ್ಟಿಗೆ) ತೆಗೆದುಕೊಳ್ಳಿ. ಸ್ಟ್ಯಾಟಿಕ್ ಎಂಟ್ರಿ (ಅಡ್ರೆಸ್ ಕೈಯಾರೆ ಬರೆದಿಡುವುದು), ಆರ್ಪ್‌ವಾಚ್ (ಎಆರ್‌ಪಿ ಬದಲಾವಣೆ ಗಮನಿಸುವ ಸಾಫ್ಟ್‌ವೇರ್), ವೈರ್‌ಗಾರ್ಡ್ (ಟ್ರಾಫಿಕ್ ಓದಲಾಗದಂತೆ ಮಾಡುವ ವಿಪಿಎನ್) ಮೂರನ್ನೂ ಬಳಸಿ ನೋಡಿದ ಮೇಲೆ ನಾನು ಸ್ವಿಚ್ ಕೊಂಡೆ. ಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಅದರಲ್ಲೂ ಒಂದು ಕಿರಿಕಿರಿ ಇದೆ. ಅದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು.

ತೊಂದರೆಯ ಬೇರು ಹಳೆಯದು. ಎಆರ್‌ಪಿ 1982ರ ಪ್ರೋಟೋಕಾಲ್. ‘ಈ ಐಪಿ ಯಾರದು?’ ಎಂದು ಕೇಳಿದರೆ ಯಾರು ಬೇಕಾದರೂ ‘ನನ್ನದು’ ಅನ್ನಬಹುದು. ಪುರಾವೆ ಕೇಳುವ ವ್ಯವಸ್ಥೆ ಅದರಲ್ಲಿ ಇಲ್ಲವೇ ಇಲ್ಲ. ಕೇಳದೇ ಬಂದ ಉತ್ತರವನ್ನು ನೋಡಿಯೂ ಆಪರೇಟಿಂಗ್ ಸಿಸ್ಟಂ ತನ್ನ ಹತ್ತಿರ ಇರುವ ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೂಟರ್) ಎಂಟ್ರಿಯನ್ನು ಬದಲಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಕಂಪ್ಯೂಟರ್‌ನಿಂದ ಹೊರಗೆ ಹೋಗುವ ಟ್ರಾಫಿಕ್ ಎಲ್ಲ ಮೋಸ ಮಾಡಿದವನ ಮೆಷಿನ್ ಮೂಲಕ ಹಾದುಹೋಗುತ್ತದೆ.

ಸ್ಟ್ಯಾಟಿಕ್ ಎಂಟ್ರಿಗೆ ಖರ್ಚಿಲ್ಲ. ಗೇಟ್‌ವೇಯ ಐಪಿ ಮತ್ತು ಮ್ಯಾಕ್ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಅಡ್ರೆಸ್‌ಗಳ ಜೋಡಿಯನ್ನು ಕೈಯಾರೆ ಬರೆದಿಟ್ಟರೆ ಸುಳ್ಳು ಉತ್ತರ ಬಂದರೂ ಅದು ಅಲುಗಾಡುವುದಿಲ್ಲ. ವಿಂಡೋಸ್‌ನಲ್ಲಿ ‘ನೆಟ್‌ಶೆಲ್’ ಕಮಾಂಡ್ ಮೂಲಕ ಹಾಕಿದರೆ ರೀಸ್ಟಾರ್ಟ್ ಆದ ಮೇಲೂ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಉಳಿಯುವುದಿಲ್ಲ, ಬೂಟ್ ಆಗುವಾಗ ಓಡುವ ಸ್ಕ್ರಿಪ್ಟ್ ಬೇಕು. ರೂಟರ್ ಬದಲಿಸಿದ ದಿನ ಮಾತ್ರ ಎಲ್ಲ ಮೆಷಿನ್‌ಗಳ ಇಂಟರ್ನೆಟ್ ಒಟ್ಟಿಗೆ ನಿಲ್ಲುತ್ತದೆ. ಪ್ರತಿ ಮೇಜಿಗೂ ಹೋಗಿ ತಿದ್ದಬೇಕು. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಕಂಪ್ಯೂಟರ್‌ಗೆ ನಿಜವಾದ ಗೇಟ್‌ವೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ, ಅಷ್ಟೇ. ಆ ಕಂಪ್ಯೂಟರ್ ಎಲ್ಲಿದೆ ಎಂದು ರೂಟರ್‌ಗೆ ಸುಳ್ಳು ಹೇಳಿದರೆ ಒಳಗೆ ಬರುವ ಟ್ರಾಫಿಕ್ ಆಗಲೂ ದಾರಿ ತಪ್ಪುತ್ತದೆ. ಎರಡೂ ಕಡೆ ಬರೆಯಬೇಕು.

ಆರ್ಪ್‌ವಾಚ್ ಹೇಳುತ್ತದೆ, ತಡೆಯುವುದಿಲ್ಲ. ಮ್ಯಾಕ್ ಅಡ್ರೆಸ್ ಬದಲಾದರೆ ಮೇಲ್ ಕಳಿಸುತ್ತದೆ. ಆದರೆ ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ಫೋನ್‌ಗಳು ವೈಫೈಗೆ ತಮ್ಮ ಅಸಲಿ ಮ್ಯಾಕ್ ಕೊಡುವುದಿಲ್ಲ, ಯಾವುದೋ ಒಂದನ್ನು ಹುಟ್ಟಿಸಿ ಕೊಡುತ್ತವೆ. ಮೇಲ್‌ಬಾಕ್ಸ್ ತುಂಬುತ್ತದೆ. ನಿಜವಾದ ದಾಳಿ ಆ ರಾಶಿಯಲ್ಲಿ ಕಳೆದುಹೋಗುತ್ತದೆ ಅನ್ನುವುದೇ ನನ್ನ ಭಯ.

ವೈರ್‌ಗಾರ್ಡ್ ಬಗ್ಗೆ ನನಗೆ ಗೌರವ ಇದೆ. 2020ರಲ್ಲಿ ಲಿನಕ್ಸ್ ಕರ್ನಲ್ 5.6ರ ಒಳಗೇ ಸೇರಿತು, ಸೆಟಪ್ ಕೂಡ ಸುಲಭ. ನಡುವೆ ಕೂತವನಿಗೆ ಓದಲಾಗದ ಪ್ಯಾಕೆಟ್‌ಗಳು ಮಾತ್ರ ಸಿಗುತ್ತವೆ. ಹೊರಗಿನ ವೈಫೈ ಬಳಸುವ ಲ್ಯಾಪ್‌ಟಾಪ್‌ಗೆ ಇದೇ ಸರಿ. ಆಫೀಸಿನೊಳಗೆ ಮಾತ್ರ ಸಾಲದು, ಪ್ರಿಂಟರ್‌ನಲ್ಲಿ, ಸಿಸಿಟಿವಿ ರೆಕಾರ್ಡರ್‌ನಲ್ಲಿ ಅದನ್ನು ಎಲ್ಲಿ ಹಾಕುವುದು?

ಸ್ವಿಚ್ ಈ ಮೆಷಿನ್‌ಗಳೆಲ್ಲದರ ಮಧ್ಯದಲ್ಲೇ ಕೂತಿರುತ್ತದೆ. ಡಿಎಚ್‌ಸಿಪಿ (ಮೆಷಿನ್‌ಗಳಿಗೆ ಐಪಿ ಹಂಚುವ ವ್ಯವಸ್ಥೆ) ಸ್ನೂಪಿಂಗ್ ಆನ್ ಮಾಡಿದರೆ ಯಾವ ಪೋರ್ಟ್‌ನಲ್ಲಿ ಯಾವ ಮ್ಯಾಕ್‌ಗೆ ಯಾವ ಐಪಿ ಸಿಕ್ಕಿತು ಎಂದು ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಬರುವ ಪ್ರತಿ ಎಆರ್‌ಪಿ ಪ್ಯಾಕೆಟನ್ನೂ ಅದಕ್ಕೆ ಹೋಲಿಸಿ, ತಾಳೆಯಾಗದಿದ್ದರೆ ಅಲ್ಲೇ ಬೀಳಿಸುತ್ತದೆ. ಯಾವ ಕಂಪ್ಯೂಟರನ್ನೂ ಮುಟ್ಟಬೇಕಿಲ್ಲ.

ಕಿರಿಕಿರಿ ಇರುವುದು ಆ ಟೇಬಲ್‌ನಲ್ಲೇ. ಅದು ಸ್ವಿಚ್‌ನ ಮೆಮೊರಿಯಲ್ಲಿರುತ್ತದೆ, ರೀಸ್ಟಾರ್ಟ್ ಆದರೆ ಖಾಲಿ. ಒಮ್ಮೆ ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಅರ್ಧ ಆಫೀಸ್‌ಗೆ ನೆಟ್ ಇತ್ತು, ಇನ್ನರ್ಧಕ್ಕೆ ಇಲ್ಲ. ನೆಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಐಪಿ ಅಡ್ರೆಸ್ ಸರಿಯಾಗಿಯೇ ಕಾಣುತ್ತಿತ್ತು. ಗೇಟ್‌ವೇಗೆ ಪಿಂಗ್ (ತಲುಪುತ್ತದೆಯೇ ಎಂಬ ಪರೀಕ್ಷೆ) ಇಲ್ಲ, ಪಕ್ಕದ ಮೇಜಿನ ಕಂಪ್ಯೂಟರ್‌ಗೆ ಪಿಂಗ್ ಇದೆ! ವಿಚಿತ್ರ ಅಲ್ವಾ?

ಕಾರಣ ಮೇಜಿನ ಕೆಳಗಿತ್ತು. ಆ ಕಂಪ್ಯೂಟರ್‌ಗಳು ಒಂದು ಸಾದಾ ಐದು ಪೋರ್ಟ್‌ನ ಸ್ವಿಚ್ ಮೂಲಕ ಬರುತ್ತಿದ್ದವು. ಮುಖ್ಯ ಸ್ವಿಚ್‌ಗೆ ನೇರವಾಗಿ ಸಿಕ್ಕಿಸಿದ ಮೆಷಿನ್‌ಗಳಿಗೆ ಕೇಬಲ್ ಸತ್ತು ಮತ್ತೆ ಜೀವ ಬಂದದ್ದು ಗೊತ್ತಾಗುತ್ತದೆ. ಹಾಗಾಗಿ ಡಿಎಚ್‌ಸಿಪಿಯನ್ನು ಮತ್ತೆ ಕೇಳುತ್ತವೆ, ಟೇಬಲ್‌ಗೂ ಸೇರುತ್ತವೆ. ಸಾದಾ ಸ್ವಿಚ್‌ನ ಹಿಂದೆ ಇರುವವಕ್ಕೆ ಏನೂ ಗೊತ್ತಾಗುವುದಿಲ್ಲ. ಕೈಯಲ್ಲಿರುವ ಲೀಸ್ (ಐಪಿ ಬಳಸಲು ಕೊಟ್ಟ ಅವಧಿ) ಇನ್ನೂ ನಡೆಯುತ್ತಿದೆ ಅಂದುಕೊಂಡು ಸುಮ್ನೆ ಇರುತ್ತವೆ. ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿಯಲ್ಲಿ ಆ ಲೀಸ್ ಡೀಫಾಲ್ಟ್ ಆಗಿ 8 ದಿನ! ಅವು ಮತ್ತೆ ಡಿಎಚ್‌ಸಿಪಿ ಕೇಳುವವರೆಗೆ ಅವುಗಳ ಎಆರ್‌ಪಿಯನ್ನು ನನ್ನ ಸ್ವಿಚ್ಚೇ ಬೀಳಿಸುತ್ತಿತ್ತು. ಒಂದೊಂದರ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ ಮೇಲೆ ಸರಿಯಾಯಿತು.

ಪರಿಹಾರ ಇದೆ. ಟೇಬಲನ್ನು ಫ್ಲ್ಯಾಶ್‌ನಲ್ಲಿ (ರೀಸ್ಟಾರ್ಟ್ ಆದರೂ ಉಳಿಯುವ ಮೆಮೊರಿ) ಸೇವ್ ಮಾಡುವ ಸೆಟ್ಟಿಂಗ್ ಹುಡುಕಿ ಆನ್ ಮಾಡಿ. ನನ್ನ ಸ್ವಿಚ್‌ನಲ್ಲಿ ಅದು ತಾನಾಗಿ ಆನ್ ಇರಲಿಲ್ಲ. ಜೊತೆಗೆ ಗಡಿಯಾರ ಸರಿಪಡಿಸುವ ಎನ್‌ಟಿಪಿ ಸರ್ವರ್ ಕೊಡಿ. ಸೇವ್ ಆದ ಎಂಟ್ರಿಗೆ ಲೀಸ್ ಮುಗಿಯುವ ಸಮಯವೂ ಇರುತ್ತದೆ, ಸ್ವಿಚ್‌ನ ಗಡಿಯಾರ ತಪ್ಪಿದ್ದರೆ ಆ ಲೆಕ್ಕವೂ ತಪ್ಪುತ್ತದೆ. ಪ್ರಿಂಟರ್‌ನಂಥ ಸ್ಟ್ಯಾಟಿಕ್ ಐಪಿಯ ಸಾಧನಗಳು ಡಿಎಚ್‌ಸಿಪಿ ಕೇಳುವುದೇ ಇಲ್ಲ. ಅವನ್ನು ನೀವೇ ಟೇಬಲ್‌ಗೆ ಸೇರಿಸಬೇಕು.

ಐಪಿವಿ6 ಕಡೆಗೆ ಈ ಸೌಲಭ್ಯ ಕಣ್ಣೆತ್ತಿಯೂ ನೋಡುವುದಿಲ್ಲ, ಅಲ್ಲಿ ಸುಳ್ಳು ರೂಟರ್ ಘೋಷಣೆಗಳನ್ನು ತಡೆಯಲು ಆರ್‌ಎ ಗಾರ್ಡ್ ಬೇರೆಯೇ ಆನ್ ಮಾಡಬೇಕು. ವಿಂಡೋಸ್‌ನಲ್ಲಿ ಎಲ್‌ಎಲ್‌ಎಂಎನ್‌ಆರ್ (ಅಕ್ಕಪಕ್ಕದ ಕಂಪ್ಯೂಟರನ್ನು ಹೆಸರಿನಿಂದ ಹುಡುಕುವ ವ್ಯವಸ್ಥೆ) ಅನ್ನು ಗ್ರೂಪ್ ಪಾಲಿಸಿಯಿಂದ ಆಫ್ ಮಾಡಿ. ಹೆಸರು ಕೇಳಿದಾಗ ಸುಳ್ಳು ಉತ್ತರ ಕೊಡಲು ಅದೂ ಒಂದು ಬಾಗಿಲು.

ಮೂರ್ನಾಲ್ಕು ಕಂಪ್ಯೂಟರ್ ಇದ್ದು, ಹಣ ಹಾಕಲು ಆಗದಿದ್ದರೆ ಸ್ಟ್ಯಾಟಿಕ್ ಎಂಟ್ರಿಯೇ ಸಾಕು. ನನಗೆ ಪ್ರತಿ ಮೆಷಿನ್ ಹತ್ತಿರ ಓಡಾಡುವುದು ಆಗುವುದಿಲ್ಲ, ಒಂದೇ ಕಡೆ ಕೂತು ಎಲ್ಲ ನೋಡುವ ಅಭ್ಯಾಸ. ಅದಕ್ಕೆ ಸ್ವಿಚ್‌ಗೆ ಹಾಕಿದ ಹಣ ಜಾಸ್ತಿ ಅನಿಸಲಿಲ್ಲ. ಕೊಳ್ಳುವಾಗ ಇವತ್ತಿನ ಅಗತ್ಯಕ್ಕಿಂತ ಹೆಚ್ಚು ಪೋರ್ಟ್ ಇರುವುದನ್ನೇ ಆರಿಸಿ. ಸಾದಾ ಸ್ವಿಚ್‌ನ ಹಿಂದೆ ಕೂತ ಎರಡು ಮೆಷಿನ್‌ಗಳು ಒಂದಕ್ಕೊಂದು ಮೋಸ ಮಾಡಿದರೆ ಮುಖ್ಯ ಸ್ವಿಚ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಮೇಜಿನ ಕೆಳಗಿದ್ದ ಆ ಡಬ್ಬಿಗಳನ್ನೆಲ್ಲ ನಾನು ತೆಗೆದುಬಿಟ್ಟಿದ್ದೇನೆ.