ಅಲಾಸ್ಕಾ ಕ್ರೂಸ್ ಮುಗಿಸಿ ‘ನೋಡ್ಕೊಂಡು ಹೋಗೋಣ’ ಅಂತ ಏರ್‌ಪೋರ್ಟಿಗೆ ಹೊರಡೋರೇ, ಸ್ವಲ್ಪ ನಿಂತು ಓದಿ

ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡು ಅಲಾಸ್ಕಾ ಕ್ರೂಸ್ ಮಾಡಿಸೋ ಪ್ಲಾನ್ ಇರೋರಿಗೆ ಇದು. ನಾವು ಮಾಡಿದ ದಡ್ಡತನ ನೀವು ಮಾಡ್ಬೇಡಿ, ಅಷ್ಟೇ.

ಜೂನಲ್ಲಿ ಹೋಗಿದ್ವಿ, ವ್ಯಾಂಕೂವರಲ್ಲಿ ಹಡಗು ಹತ್ತಿ ಏಳು ದಿನ ಆದ್ಮೇಲೆ ಸೂವರ್ಡ್ ಅನ್ನೋ ಊರಲ್ಲಿ ಇಳಿಯೋದು. (ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇರೆ ಬೇಕು, ಅದು ಇನ್ನೊಂದು ಪುರಾಣ.) ಏರ್‌ಪೋರ್ಟ್ ಇರೋದು ಆಂಕರೇಜಲ್ಲಿ. 127 ಮೈಲಿ, ಅಂದ್ರೆ ಇನ್ನೂರು ಕಿಲೋಮೀಟರ್ ಮೇಲೆ ಸ್ವಲ್ಪ, ಮ್ಯಾಪಲ್ಲಿ ನೋಡಿದ್ರೆ ಎರಡೂವರೆ ಗಂಟೆ. ಸಿಯಾಟಲ್‌ಗೆ ವಾಪಸ್ ಫ್ಲೈಟ್ ಸಂಜೆ 5:10ಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿದ್ರೆ ಕೈಯಲ್ಲಿ ಎಂಟು ಗಂಟೆ ಇರತ್ತೆ, ಹಡಗಿನೋರ ಬಸ್ಸಿಗೆ ಯಾಕೆ ಸುಮ್ನೆ ದುಡ್ಡು ಕೊಡೋದು, ಕಾರ್ ತಗೊಂಡು ಆರಾಮಾಗಿ ನಿಲ್ಲಿಸ್ಕೊಂಡು ನಿಲ್ಲಿಸ್ಕೊಂಡು ಹೋಗೋಣ ಅಂತ ನಮ್ಮನೆಯವರು ಎಕ್ಸೆಲ್ ಶೀಟ್ ಮಾಡಿದ್ರು. ನಾನೂ ತಲೆ ಆಡಿಸ್ದೆ, ಸುಳ್ಳು ಯಾಕೆ ಹೇಳ್ಲಿ.

ಮೊದಲನೇ ಪೆಟ್ಟು ಹಡಗಲ್ಲೇ. ಹಡಗು ಬೆಳಗಿನ ಜಾವ ಐದಕ್ಕೇ ಬಂದು ನಿಂತಿತ್ತು, ಆದ್ರೆ ಹಡಗು ಬಂದ ತಕ್ಷಣ ನೀವು ಬಂದ್ರಿ ಅಂತ ಅಲ್ಲ. ಹಿಂದಿನ ರಾತ್ರಿನೇ ಟ್ಯಾಗ್ ಕಟ್ಟಿ ಬ್ಯಾಗ್ ರೂಮಿನ ಹೊರಗೆ ಇಟ್ಟಿರ್ತೀವಲ್ಲ, ಆ ಟ್ಯಾಗ್ ನಂಬರ್ ಕೂಗೋವರೆಗೆ ಕೂತಿರ್ಬೇಕು. ನಮ್ದು ಕೂಗಿದ್ದು ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ. ಕೆಳಗೆ ಇಳಿದ್ರೆ ದೊಡ್ಡ ಹಾಲ್ ತುಂಬಾ ಸಾಲುಸಾಲು ಕಪ್ಪು ಸೂಟ್‌ಕೇಸು, ಅಮ್ಮ ಹ್ಯಾಂಡಲಿಗೆ ಹಳೇ ಇಳಕಲ್ ಸೀರೆ ಅಂಚು ಕಟ್ಟಿದ್ರಿಂದ ನಮ್ದು ಬೇಗ ಸಿಕ್ತು, ಇಲ್ದಿದ್ರೆ ದೇವರೇ ಗತಿ.

ಎರಡನೇದು ಕಾರು. ಸೂವರ್ಡಲ್ಲಿ ಮೂರು ಸಾವಿರ ಜನಾನೂ ಇಲ್ಲ, ಹಡಗಿಂದ ಇಳಿಯೋರು ಎರಡು ಸಾವಿರದ ಮೇಲೆ. ಅದ್ರಲ್ಲಿ ನಮ್ಮ ಥರಾನೇ ಬುದ್ಧಿವಂತರು ಎಷ್ಟು ಜನ ಅಂತ ಕೌಂಟರ್ ಮುಂದೆ ಹೋಗಿ ನಿಂತಾಗ ಗೊತ್ತಾಯ್ತು. ಒಳಗೆ ಒಂದೇ ಹುಡುಗಿ, ಕ್ಯೂ ಬಾಗಿಲು ದಾಟಿ ಹೊರಗೆ, ಮೇಲೆ ಸೋನೆ ಮಳೆ. ನಾವು ಬುಕ್ ಮಾಡಿದ್ದು ಎಸ್‌ಯುವಿ, ಕೊಟ್ಟಿದ್ದು ಸೆಡಾನ್, ಅದೂ 11:05ಕ್ಕೆ. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಡೋದಕ್ಕೆ ಬೇರೆ ಚಾರ್ಜು, ಬಿಲ್ ನೋಡಿದ್ಮೇಲೆ ಹಡಗಿನೋರ ಬಸ್ಸೇ ಅಗ್ಗ ಅನ್ನಿಸ್ತು. ಅಮ್ಮ ತೊಡೆ ಮೇಲೆ ಒಂದು ಬ್ಯಾಗು, ಕಾಲ ಕೆಳಗೆ ಒಂದು ಬ್ಯಾಗು ಇಟ್ಕೊಂಡು ಕೂತ್ಕೊಂಡ್ರು.

ಆಗ್ಲಾದ್ರೂ ಸೀದಾ ಹೋಗ್ಬೇಕಿತ್ತು. ಇನ್ನೂ ಆರು ಗಂಟೆ ಇದೆಯಲ್ಲ, ಇಲ್ಲಿವರೆಗೂ ಬಂದು ಎಕ್ಸಿಟ್ ಗ್ಲೇಸಿಯರ್ ಅನ್ನೋ ಹಿಮನದಿ ನೋಡ್ದೇ ಹೋಗೋದಾ ಅಂತ ತಿರುಗಿಸಿದ್ವಿ. ಜಾಗ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಯಾವ ಇಸವಿಯಲ್ಲಿ ಹಿಮ ಎಲ್ಲಿವರೆಗೆ ಇತ್ತು ಅಂತ ದಾರಿಯಲ್ಲಿ ಅಲ್ಲಲ್ಲಿ ಬೋರ್ಡ್ ನೆಟ್ಟಿದ್ದಾರೆ, 1917 ಅನ್ನೋ ಬೋರ್ಡ್ ಹತ್ರ ನಿಂತ್ರೆ ಹಿಮ ಇರೋದು ಎಲ್ಲೋ ದೂರದಲ್ಲಿ. ಅಪ್ಪ ಮೇಷ್ಟ್ರಾಗಿದ್ದೋರು, ಒಂದೊಂದು ಬೋರ್ಡ್ ಹತ್ರಾನೂ ನಿಂತು "ಇದು ನಮ್ಮಪ್ಪ ಹುಟ್ಟಿದ ಕಾಲ, ಇದು ನನ್ನ ಸ್ಕೂಲಿನ ಕಾಲ" ಅಂತ ಲೆಕ್ಕ ಹಾಕ್ತಾ ಫೋಟೋ ತೆಗೀತಾ ನಡೆದ್ರು, ಬೇಗ ಬನ್ನಿ ಅಂತ ಹೇಗೆ ಹೇಳ್ತೀರಾ? ಹೊರಟಾಗ ಮುಕ್ಕಾಲು ಗಂಟೆ ಬೇಕಿದ್ದ ಕಡೆ ಒಂದೂಕಾಲು ಗಂಟೆ ಹೋಗಿತ್ತು.

ಆಮೇಲೆ ರಸ್ತೆ ರಿಪೇರಿ. ಅಲ್ಲಿ ಬೇಸಿಗೆಯಲ್ಲಿ ಮಾತ್ರ ರಸ್ತೆ ಕೆಲಸ ಮಾಡೋಕೆ ಆಗೋದು, ಅಂದ್ರೆ ನಾವು ಹೋಗೋ ಟೈಮಲ್ಲೇ. ಒಂದು ಕಡೆ ನಿಲ್ಲಿಸಿ, ಪೈಲಟ್ ಕಾರ್ ಬಂದು ಮೆರವಣಿಗೆ ಥರ ಹಿಂದೆ ಕರ್ಕೊಂಡು ಹೋಗತ್ತೆ, ಅದಕ್ಕೆ 25 ನಿಮಿಷ. ಪೋರ್ಟೇಜ್ ಹತ್ರ 1964ರ ಭೂಕಂಪದಲ್ಲಿ ನೆಲ ಕುಸಿದು ಉಪ್ಪುನೀರು ನುಗ್ಗಿ ಸತ್ತು ನಿಂತ ಮರಗಳು ಇನ್ನೂ ಬೂದಿ ಬಣ್ಣಕ್ಕೆ ಹಾಗೇ ನಿಂತಿವೆ, ಶೀಟಲ್ಲಿ ಅದಕ್ಕೆ ಅರ್ಧ ಗಂಟೆ ಬರೆದಿತ್ತು, ನೋಡಿದ್ದು ಕಿಟಕಿಯಿಂದ ಅರ್ಧ ನಿಮಿಷ.

ಗರ್ಡ್‌ವುಡ್ ದಾಟಿದಾಗ ಮೂರು ಗಂಟೆ. ಇನ್ನು ಮುಕ್ಕಾಲು ಗಂಟೆ ದಾರಿ, ಬಚಾವಾದ್ವಿ ಅನ್ಕೊಂಡ್ವಿ. ತಿರುವು ದಾಟಿದ್ರೆ ಮುಂದೆ ಬರೀ ಬ್ರೇಕ್ ಲೈಟು. ಮುಂದೆ ಎಲ್ಲೋ ಆಕ್ಸಿಡೆಂಟ್, ಎರಡೂ ಕಡೆ ಬಂದ್.

ಇಲ್ಲಿ ಸರಿಯಾಗಿ ಕೇಳ್ಕೊಳ್ಳಿ. ನಮ್ಮೂರು ಸಕಲೇಶಪುರದ ಕಡೆ. ನಮಗೆಲ್ಲ ಅಭ್ಯಾಸ ಏನು, ಶಿರಾಡಿ ಬಂದ್ ಆದ್ರೆ ಚಾರ್ಮಾಡಿ, ಅದೂ ಇಲ್ವಾ, ಸಂಪಾಜೆ, ಸುತ್ತಾದ್ರೂ ಊರು ಸೇರ್ಕೋತೀವಿ. ಸೂವರ್ಡ್ ಹೈವೇಗೆ ಬದಲಿ ದಾರಿ ಅನ್ನೋದೇ ಇಲ್ಲ. ಒಂದು ಕಡೆ ನೆತ್ತಿ ಮೇಲೆ ಬಂಡೆ, ಇನ್ನೊಂದು ಕಡೆ ರೈಲು ಹಳಿ, ಹಳಿ ಪಕ್ಕ ಸಮುದ್ರ. ಹೆಚ್ಚಿನ ಕಡೆ ಎರಡೇ ಲೇನು. ಒಂದು ಗಾಡಿ ಅಡ್ಡ ಬಿದ್ರೆ ಮುಗೀತು.

ಎಲ್ರೂ ಇಂಜಿನ್ ಆಫ್ ಮಾಡಿ ರಸ್ತೆಗೆ ಇಳಿದ್ರು. ಆ ನೀರಿನ ಹೆಸರು ಟರ್ನಗೇನ್ ಆರ್ಮ್, 1778ರಲ್ಲಿ ಕ್ಯಾಪ್ಟನ್ ಕುಕ್ ಕಡೆಯೋರು ದಾರಿ ಹುಡುಕ್ತಾ ಬಂದು ಮುಂದೆ ದಾರಿ ಇಲ್ಲ ಅಂತ ಮತ್ತೆ ವಾಪಸ್ ತಿರುಗ್ಬೇಕಾಯ್ತಂತೆ, ಅದಕ್ಕೇ ಆ ಹೆಸರು ಅಂತ ನಮ್ಮನೆಯವರು ಅಪ್ಪನಿಗೆ ವಿವರಿಸ್ತಿದ್ರು. ಅಪ್ಪ "ಅವ್ರಿಗೆ ತಿರುಗೋಕಾದ್ರೂ ಆಯ್ತಲ್ಲಪ್ಪ" ಅಂದ್ರು. ಅಮ್ಮ ಡಬ್ಬಿ ತೆಗೆದು ಹಿಂದಿನ ಕಾರಿನೋರಿಗೂ ಕೋಡುಬಳೆ ಹಂಚಿದ್ರು. ಪಕ್ಕದ ಹಳಿ ಮೇಲೆ ರೈಲೊಂದು ಹೋಯ್ತು, ಒಳಗಿದ್ದೋರು ನಮಗೆ ಕೈ ಬೀಸಿದ್ರು ನೋಡಿ, ಹೊಟ್ಟೆ ಉರೀತು.

ನೀರು ಇಳಿದಾಗ ಅಲ್ಲಿ ಕಾಣೋ ಬೂದು ಕೆಸರು ನೋಡೋಕೆ ಮರಳುದಂಡೆ ಥರ ಇರತ್ತೆ, ಫೋಟೋಗೆ ಅಂತ ದಯವಿಟ್ಟು ಇಳೀಬೇಡಿ. ಗ್ಲೇಸಿಯರ್ ಬಂಡೆನ ಅರೆದು ಮಾಡಿದ ಪುಡಿ ಅದು, ಕಾಲು ಹೂತ್ರೆ ಸಿಮೆಂಟ್ ಥರ ಹಿಡ್ಕೊಳತ್ತೆ, ಉಬ್ಬರದ ನೀರು ಬೇರೆ ಜೋರಾಗಿ ನುಗ್ಗತ್ತೆ. ಜನ ಸತ್ತಿದ್ದಾರೆ ಅಲ್ಲಿ.

ದಾರಿ ಬಿಟ್ಟಾಗ 4:40. ಏರ್‌ಪೋರ್ಟ್ ಮುಟ್ಟಿದಾಗ ವಿಮಾನ ಹೋಗಿ ಕಾಲು ಗಂಟೆ. ರಸ್ತೆ ಬಂದ್ ಆಗಿತ್ತು ಅಂದ್ರೆ ಏರ್‌ಲೈನ್ ಕೌಂಟರಲ್ಲಿ ಪಾಪ ಅಂದ್ರು, ಅಷ್ಟೇ. ಮಾರನೇ ದಿನಕ್ಕೆ ನಾಲ್ಕು ಹೊಸ ಟಿಕೆಟ್, ಜೂನ್ ತಿಂಗಳ ರೇಟಲ್ಲಿ ಎರಡು ಹೋಟೆಲ್ ರೂಮು, ಎಲ್ಲಾ ಸೇರಿ ಕ್ರೂಸಲ್ಲಿ ಬಾಲ್ಕನಿ ರೂಮು ಬೇಡ ಅಂತ ಉಳಿಸಿದ ದುಡ್ಡಿಗಿಂತ ಜಾಸ್ತಿ.

ಈಗ ಕೇಳಿದ್ರೆ ನಾನು ಹೇಳೋದು, ಇಳಿದ ದಿನಾನೇ ಹಾರ್ಬೇಕು ಅಂದ್ರೆ ರಾತ್ರಿ ಒಂಬತ್ತರ ಮೇಲಿನ ಫ್ಲೈಟ್ ತಗೊಳ್ಳಿ, ಆಂಕರೇಜಿಂದ ಮಧ್ಯರಾತ್ರಿ ಹೊತ್ತಿಗೆ ಹೊರಡೋ ವಿಮಾನಗಳು ಬೇಕಾದಷ್ಟಿವೆ. ಅಥವಾ ಹಡಗಿನೋರ ಮೂಲಕ ರೈಲು ಬುಕ್ ಮಾಡಿ, ಕ್ರೂಸ್ ಜನಕ್ಕೆ ಅಂತಾನೇ ಸೂವರ್ಡಿಂದ ಸೀದಾ ಏರ್‌ಪೋರ್ಟ್ ಒಳಗಿನ ಸ್ಟೇಷನ್ನಿಗೆ ಹೋಗೋ ರೈಲಿದೆ, ಕಿಟಕಿಯಿಂದ ಕಾಣೋ ನೋಟ ರಸ್ತೆಗಿಂತ ಒಂದು ಕೈ ಮೇಲೇ. ಕಾರೇ ಬೇಕು ಅಂದ್ರೆ ಒಂದು ರಾತ್ರಿ ಉಳ್ಕೊಳ್ಳಿ. ಮಧ್ಯೆ ಮಧ್ಯೆ ಸಿಗ್ನಲ್ ಇರಲ್ಲ, ಹೊರಡೋ ಮುಂಚೆನೇ ಅಲಾಸ್ಕಾ 511 ಅನ್ನೋ ರಸ್ತೆ ಮಾಹಿತಿ ವೆಬ್‌ಸೈಟಲ್ಲಿ ರಸ್ತೆ ಹೇಗಿದೆ ನೋಡ್ಕೊಳ್ಳಿ. ಹಗಲಲ್ಲೂ ಹೆಡ್‌ಲೈಟ್ ಹಾಕ್ಲೇಬೇಕು, ಹಿಂದೆ ಐದು ಗಾಡಿ ಸೇರಿದ್ರೆ ಪಕ್ಕಕ್ಕೆ ತಗೊಂಡು ಬಿಡ್ಬೇಕು, ಇದು ಅಲ್ಲಿ ಕಾನೂನು, ಗ್ಲೇಸಿಯರ್ ನೋಡ್ತಾ ಮೂವತ್ತರಲ್ಲಿ ಹೋದ್ರೆ ಹಿಂದಿನೋರು ಸುಮ್ನಿರಲ್ಲ.

ನಿಮ್ಮ ಹಡಗು ಸೂವರ್ಡ್ ಬದ್ಲು ವಿಟ್ಟಿಯರ್‌ಗೆ ಹೋಗೋದಾದ್ರೆ ದೂರ ಕಮ್ಮಿ, 60 ಮೈಲಿ ಅಷ್ಟೇ, ಆದ್ರೆ ಊರಿಂದ ಹೊರಗೆ ಬರೋಕೆ ಎರಡೂವರೆ ಮೈಲಿ ಸುರಂಗ ಒಂದೇ ದಾರಿ. ಒಂದೇ ಲೇನು, ಅದ್ರಲ್ಲೇ ರೈಲೂ ಹೋಗತ್ತೆ. ಹೊರಗೆ ಬರೋ ಕಾರುಗಳಿಗೆ ಗಂಟೆಗೆ ಒಂದ್ಸಲ ಕಾಲು ಗಂಟೆ ಬಿಡ್ತಾರೆ, ಎರಡು ನಿಮಿಷ ಲೇಟಾದ್ರೆ ಇನ್ನೊಂದು ಗಂಟೆ ಕಾಯೋದೇ. ರಾತ್ರಿ ಮುಚ್ಚಿರತ್ತೆ.

ಅವತ್ತು ರಾತ್ರಿ ಹನ್ನೊಂದಕ್ಕೆ ಹೋಟೆಲಲ್ಲಿ ಪರದೆ ಎಳೆಯೋಕೆ ಹೋದ್ರೆ ಹೊರಗೆ ಇನ್ನೂ ಬಿಸಿಲು. ಅಮ್ಮ ಕಿಟಕಿ ಹತ್ರ ಬಂದು ನೋಡಿ, "ಇನ್ನೂ ಹೊತ್ತು ಮುಳುಗೇ ಇಲ್ವಲ್ಲೇ, ಆ ಸತ್ತ ಮರಗಳನ್ನ ಈಗ್ಲೇ ಹೋಗಿ ನೋಡ್ಕೊಂಡು ಬಂದ್ಬಿಡೋಣ್ವಾ?" ಅಂದ್ರು. ನಮ್ಮನೆಯವರು ಲ್ಯಾಪ್‌ಟಾಪ್ ಕಡೆ ನೋಡಿದ್ರು. ನಾನು ಕಾರಿನ ಕೀ ತೆಗೆದು ದಿಂಬಿನ ಕೆಳಗೆ ಇಟ್ಕೊಂಡು ಮಲಗ್ದೆ.