ಪ್ಲಗ್ ವ್ಯಾಟ್ ಮೀಟರ್: ಕಂಪ್ಯೂಟರ್ ಮೇಜಿನ ಕರೆಂಟ್ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಡಬ್ಬಿ

ಗೋಡೆಯ ಸಾಕೆಟ್‌ಗೂ ನಮ್ಮ ಪ್ಲಗ್‌ಗೂ ನಡುವೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಇದೆಯಲ್ಲ, ಅದರ ಬಗ್ಗೆ ಈ ರಿವ್ಯೂ. ನನ್ನ ಹತ್ತಿರ ಇರುವುದು ಸಾಧಾರಣ ಮಾದರಿ. ವೈಫೈ ಇಲ್ಲ, ಆ್ಯಪ್ ಇಲ್ಲ. ಪರದೆಯ ಮೇಲೆ ವೋಲ್ಟ್, ಆಂಪ್, ವ್ಯಾಟ್, ಪವರ್ ಫ್ಯಾಕ್ಟರ್ (ವೋಲ್ಟನ್ನು ಆಂಪ್‌ನಿಂದ ಗುಣಿಸಿದಾಗ ಬರುವುದರಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವ ಅಂಕಿ), ಇಲ್ಲಿಯವರೆಗೆ ಸುಟ್ಟ ಒಟ್ಟು ಯೂನಿಟ್ (ಸಾವಿರ ವ್ಯಾಟ್ ಒಂದು ಗಂಟೆ ಎಳೆದರೆ ಒಂದು ಯೂನಿಟ್), ಇಷ್ಟು ತೋರಿಸುತ್ತದೆ. ಬಟನ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಮನೆಯಲ್ಲಿ ಡೆಸ್ಕ್‌ಟಾಪ್, ಮಾನಿಟರ್, ಪ್ರಿಂಟರ್, ಸ್ಪೀಕರ್ ಅಂತ ಒಂದು ಮೇಜು ತುಂಬ ಸಾಮಾನು ಇಟ್ಟುಕೊಂಡವರು ಇದನ್ನು ಕೊಳ್ಳಲೇಬೇಕು. ಬರೀ ಲ್ಯಾಪ್‌ಟಾಪ್, ಫೋನ್ ಇರುವವರು ಯಾರ ಹತ್ತಿರವಾದರೂ ಇದ್ದರೆ ಕೆಲವು ದಿನ ಇಸ್ಕೊಂಡು ನೋಡಿ, ಸಾಕು.

ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಫೋನ್ ತೆಗೆದ ಮೇಲೂ ಚಾರ್ಜರ್ ಸಾಕೆಟ್‌ನಲ್ಲೇ ಇದ್ದರೆ ಕರೆಂಟ್ ಎಷ್ಟು ಪೋಲಾಗುತ್ತದೆ? ಮೀಟರ್ ಹಾಕಿ ನೋಡಿದರೆ 0.0 ಅಂತ ತೋರಿಸುತ್ತದೆ. ಅದು ನಿಜವಾದ ಸೊನ್ನೆಯಲ್ಲ. ಒಂದು ವ್ಯಾಟ್‌ಗಿಂತ ಕಡಿಮೆ ಹರಿಯುವುದನ್ನು ಇಂಥ ಮೀಟರ್ ಸರಿಯಾಗಿ ಹಿಡಿಯುವುದಿಲ್ಲ, ಅಷ್ಟೇ. ಆದರೆ ಅಂದಾಜು ಸಿಗುತ್ತದೆ. ಯುರೋಪಿನಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸಾಮಾನ್ಯ ಫೋನ್ ಚಾರ್ಜರ್ ಖಾಲಿ ಇದ್ದಾಗ 0.1 ವ್ಯಾಟ್ ದಾಟಬಾರದು. 49 ವ್ಯಾಟ್‌ಗಿಂತ ದೊಡ್ಡದಾದ ಲ್ಯಾಪ್‌ಟಾಪ್ ಅಡಾಪ್ಟರ್‌ಗೆ ಮಿತಿ 0.21 ವ್ಯಾಟ್. 0.1 ವ್ಯಾಟ್ ಅಂದರೆ ವರ್ಷವಿಡೀ ಹಗಲು ರಾತ್ರಿ ಸಾಕೆಟ್‌ನಲ್ಲೇ ಬಿಟ್ಟರೂ ಒಂದು ಯೂನಿಟ್ ಆಗುವುದಿಲ್ಲ. ಸುಮಾರು 0.88 ಯೂನಿಟ್. ಇನ್ನೊಂದು ಕಡೆ, ಏನೂ ಕೆಲಸ ಮಾಡದೆ ಸುಮ್ನೆ ಆನ್ ಆಗಿರುವ ಡೆಸ್ಕ್‌ಟಾಪ್ 50 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಆ 0.88 ಯೂನಿಟ್ಟನ್ನು ಅದು ಹದಿನೇಳೂವರೆ ಗಂಟೆಯಲ್ಲಿ ಮುಗಿಸುತ್ತದೆ. ಎರಡು ರಾತ್ರಿ ಕಂಪ್ಯೂಟರ್ ಆರಿಸದೆ ಮಲಗಿದರೆ ಚಾರ್ಜರ್‌ನ ಇಡೀ ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು.

ನನಗೆ ಈ ಮೀಟರ್ ಇಷ್ಟವಾಗಿರುವುದು ಇದಕ್ಕೇ. ಮನೆಯಲ್ಲಿ ಚಾರ್ಜರ್ ಕಿತ್ತಿಡು ಅಂತ ಮಕ್ಕಳ ಮೇಲೆ ರೇಗುವವರು ಪಕ್ಕದಲ್ಲೇ ಗುಂಯ್ ಅನ್ನುತ್ತಿರುವ ಡೆಸ್ಕ್‌ಟಾಪ್ ಕಡೆ ತಿರುಗಿಯೂ ನೋಡುವುದಿಲ್ಲ. ಚಾರ್ಜರ್ ಕೀಳುವುದು ತಪ್ಪೇನಲ್ಲ. ಹಳೆಯದು, ಗುಣಮಟ್ಟ ಗೊತ್ತಿಲ್ಲದ್ದು, ಮುಟ್ಟಿದರೆ ಬೆಚ್ಚಗಿರುವುದು ಇದ್ದರೆ ಸುರಕ್ಷತೆಗಾಗಿ ಕಿತ್ತೇ ಇಡಬೇಕು. ಆದರೆ ಬಿಲ್ ಇಳಿಸುವ ಜಾಗ ಅದಲ್ಲ.

ಡೆಸ್ಕ್‌ಟಾಪ್‌ಗೆ ಹಾಕಿದಾಗ ಈ ಡಬ್ಬಿಯ ನಿಜವಾದ ಬೆಲೆ ಗೊತ್ತಾಗುತ್ತದೆ. ಸಿಪಿಯು ಡಬ್ಬಿಯನ್ನು ಮಾತ್ರ ಇದಕ್ಕೆ ಸಿಕ್ಕಿಸಿ, ಮಾನಿಟರ್ ಬೇರೆ ಸಾಕೆಟ್‌ನಲ್ಲಿರಲಿ. ಆನ್ ಮಾಡಿದ ಕೂಡಲೇ ಅಂಕಿ ಮೇಲಕ್ಕೆ ಜಿಗಿಯುತ್ತದೆ. ಒಳಗೆ ಪೂರ್ತಿ ಲೋಡ್ ಆದ ಮೇಲೆ ನಿಧಾನಕ್ಕೆ ಇಳಿದು ಒಂದು ಕಡೆ ನಿಲ್ಲುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಮಾದರಿಯ ಕಂಪ್ಯೂಟರ್ ಆದರೆ 20ರಿಂದ 40 ವ್ಯಾಟ್, ಕಾರ್ಡ್ ಇದ್ದರೆ 60-80ರ ಆಸುಪಾಸು. ಬ್ರೌಸರ್‌ನಲ್ಲಿ ಒಂದು ಭಾರದ ಪುಟ ತೆರೆದರೆ ಅಂಕಿ ಕುಣಿಯುತ್ತದೆ, ಪುಟ ಬಂದು ಮುಗಿದ ಮೇಲೆ ಮತ್ತೆ ಕೆಳಗಿಳಿಯುತ್ತದೆ. ಕೆಲವು ಪುಟಗಳು ಮಾತ್ರ ಇಳಿಯಲು ಬಿಡುವುದೇ ಇಲ್ಲ. ಜಾಹೀರಾತಿನ ವಿಡಿಯೊ ಮೂಲೆಯಲ್ಲಿ ಓಡುತ್ತಲೇ ಇರುತ್ತದೆ, ಆ ಟ್ಯಾಬ್ ಮುಚ್ಚಿದರೆ ಹತ್ತಾರು ವ್ಯಾಟ್ ಒಂದೇ ಸಲ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಗೇಮ್ ಹಾಕಿದರಂತೂ 300 ದಾಟುವುದೂ ಉಂಟು. ಗೇಮಿನಲ್ಲಿ ಫ್ರೇಮ್ ರೇಟ್‌ಗೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ, 60ರ ಮಿತಿ ಹಾಕಿ ಮತ್ತೆ ಮೀಟರ್ ನೋಡಿ. ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದ ಆಟಗಳಲ್ಲೂ ವ್ಯಾಟ್ ಚೆನ್ನಾಗಿಯೇ ಇಳಿಯುತ್ತದೆ, ಫ್ಯಾನ್ ಸದ್ದೂ ಕಡಿಮೆಯಾಗುತ್ತದೆ.

ಸ್ಕ್ರೀನ್‌ಸೇವರ್ ಹಾಕಿದರೆ ಕರೆಂಟ್ ಉಳಿಯುತ್ತದೆ ಅಂತ ಈಗಲೂ ನಂಬುವವರಿದ್ದಾರೆ. ಹಳೆಯ ದಪ್ಪ ಮಾನಿಟರ್ ಕಾಲದಲ್ಲಿ ಅದು ಇದ್ದದ್ದು ಪರದೆ ಮೇಲೆ ಒಂದೇ ಚಿತ್ರದ ಕಲೆ ಉಳಿಯಬಾರದು ಅಂತ. ಈಗಿನ ಎಲ್‌ಸಿಡಿಯಲ್ಲಿ ಪರದೆ ಪೂರ್ತಿ ಕಪ್ಪಾದರೂ ಹಿಂದಿನ ಬೆಳಕು ಉರಿಯುತ್ತಲೇ ಇರುತ್ತದೆ. ಮೀಟರ್‌ನಲ್ಲಿ ಅಂಕಿ ಅಲುಗಾಡುವುದಿಲ್ಲ. ಚಂದದ ತ್ರೀಡಿ ಸ್ಕ್ರೀನ್‌ಸೇವರ್ ಆದರೆ ಸಿಪಿಯು ಕಡೆ ಏರುತ್ತದೆ. ಅದರ ಬದಲು ಐದು ನಿಮಿಷಕ್ಕೆ ಪರದೆ ಆರುವಂತೆ, ಹದಿನೈದು-ಇಪ್ಪತ್ತು ನಿಮಿಷಕ್ಕೆ ಸ್ಲೀಪ್ ಆಗುವಂತೆ ಸೆಟ್ ಮಾಡಿ ಬಿಟ್ಟರೆ ಮುಗಿಯಿತು. ಸ್ಲೀಪ್‌ನಲ್ಲಿ ಹೆಚ್ಚಿನ ಡೆಸ್ಕ್‌ಟಾಪ್‌ಗಳು ಒಂದೆರಡು ವ್ಯಾಟ್‌ಗೆ ಇಳಿಯುತ್ತವೆ. 60 ಎಲ್ಲಿ, 2 ಎಲ್ಲಿ! ಮಾನಿಟರ್ ವಿಷಯದಲ್ಲಿ ಇನ್ನೊಂದು ಮಾತು. ಅಂಗಡಿಯಿಂದ ಬರುವಾಗ ಬ್ರೈಟ್‌ನೆಸ್ ಅನೇಕ ಸಲ ವಿಪರೀತ ಏರಿಸಿರುತ್ತಾರೆ. ಅದನ್ನು ಕಣ್ಣಿಗೆ ಹಿತವಾಗುವಷ್ಟು ತಗ್ಗಿಸಿದರೆ 25 ವ್ಯಾಟ್ ಎಳೆಯುವ ಪರದೆ 15ರ ಹತ್ತಿರ ಬರುತ್ತದೆ. ಕಣ್ಣಿಗೂ ಒಳ್ಳೆಯದು, ಬಿಲ್ಲಿಗೂ ಒಳ್ಳೆಯದು.

ಸಣ್ಣ ಪುಟ್ಟ ಸಾಮಾನುಗಳಲ್ಲಿ ಆಶ್ಚರ್ಯ ಜಾಸ್ತಿ. ಒಳಗೆ ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಕಂಪ್ಯೂಟರ್ ಸ್ಪೀಕರ್‌ಗಳಲ್ಲಿ ಕೆಲವು, ಮುಂದಿನ ನಾಬ್ ತಿರುಗಿಸಿ ಆಫ್ ಮಾಡಿದರೂ ಮೂರು ನಾಲ್ಕು ವ್ಯಾಟ್ ಎಳೆಯುತ್ತಲೇ ಇರುತ್ತವೆ. ಅದನ್ನು ಗೋಡೆ ಸ್ವಿಚ್‌ನಲ್ಲೇ ಆರಿಸಬೇಕು. ಯುಪಿಎಸ್ ತನ್ನ ಹೊಟ್ಟೆಗೇ ಒಂದಿಷ್ಟು ತಿನ್ನುತ್ತದೆ. ರೌಟರ್ ನೋಡಲು ಬಡಪಾಯಿ, ಆದರೆ 8 ವ್ಯಾಟ್‌ನದ್ದು ವರ್ಷವಿಡೀ ಆನ್ ಇದ್ದರೆ 70 ಯೂನಿಟ್. ಅದನ್ನು ಆರಿಸಲು ಆಗುವುದಿಲ್ಲ, ಇರಲಿ.

ಫೋನನ್ನು ಡೆಸ್ಕ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಅಭ್ಯಾಸದ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಹೇಗೂ ಕೆಲಸ ನಡೆಯುತ್ತಿದ್ದರೆ ತೊಂದರೆಯಿಲ್ಲ. ಆದರೆ ಬರೀ ಫೋನ್ ಚಾರ್ಜ್ ಆಗಲಿ ಅಂತ ಕಂಪ್ಯೂಟರ್ ಆನ್ ಬಿಟ್ಟು ಹೋಗುವುದು ಶುದ್ಧ ನಷ್ಟ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 5 ವೋಲ್ಟ್, 0.5 ಆಂಪ್, ಅಂದರೆ ಎರಡೂವರೆ ವ್ಯಾಟ್. ಆ ಎರಡೂವರೆಗಾಗಿ 60 ವ್ಯಾಟ್ ಉರಿಯಬೇಕಾ? 5000 ಎಂಎಎಚ್ ಬ್ಯಾಟರಿಯ ಫೋನಿನಲ್ಲಿ ತುಂಬುವುದು ಸುಮಾರು 19 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). ನಷ್ಟ ಎಲ್ಲ ಸೇರಿ ಗೋಡೆಯಿಂದ 25ರ ಹತ್ತಿರ ಹೋಗುತ್ತದೆ ಅಂದುಕೊಂಡರೂ, ದಿನಾ ಒಮ್ಮೆ ಸೊನ್ನೆಯಿಂದ ನೂರಕ್ಕೆ ತುಂಬಿಸಿದರೆ ವರ್ಷಕ್ಕೆ ಒಂಬತ್ತು ಯೂನಿಟ್. ಫೋನಿನ ಚಾರ್ಜಿಂಗ್ ಖರ್ಚು ಅಂದರೆ ಅಷ್ಟೇ. ವೈರ್‌ಲೆಸ್ ಪ್ಯಾಡ್ ಮೇಲೆ ಇಟ್ಟರೆ ಇದಕ್ಕಿಂತ ಜಾಸ್ತಿ ಆಗುತ್ತದೆ, ಫೋನ್ ಸ್ವಲ್ಪ ಪಕ್ಕಕ್ಕೆ ಜರುಗಿ ಕೂತಿದ್ದರೆ ಇನ್ನೂ ಜಾಸ್ತಿ. ಹೆಚ್ಚಾದದ್ದೆಲ್ಲ ಶಾಖವಾಗಿ ಹೋಗುತ್ತದೆ, ಅದನ್ನು ಫೋನ್ ಮುಟ್ಟಿ ನೋಡಿದರೇ ತಿಳಿಯುತ್ತದೆ.

ಈಗ ಲ್ಯಾಪ್‌ಟಾಪ್. ಚಾರ್ಜ್ 20ಕ್ಕೆ ಇಳಿದಾಗ ಶಟ್‌ಡೌನ್ ಮಾಡಿ, ಮುಚ್ಚಿ, ಮೀಟರ್ ಮೂಲಕ ಚಾರ್ಜ್‌ಗೆ ಹಾಕಿ ನೋಡುವುದು ನನಗೆ ತುಂಬ ಇಷ್ಟದ ಪರೀಕ್ಷೆ. ಮೊದಲು ಅಂಕಿ ಮೇಲೇರಿ ಅಲ್ಲೇ ನಿಲ್ಲುತ್ತದೆ. 65 ವ್ಯಾಟ್ ಅಡಾಪ್ಟರ್ ಆದರೆ 50-60ರ ಆಸುಪಾಸು ಅಂತ ಇಟ್ಟುಕೊಳ್ಳಿ. ಬಹಳ ಹೊತ್ತು ಹಾಗೇ ಇರುತ್ತದೆ. 70-80 ಪರ್ಸೆಂಟ್ ದಾಟಿದ ಮೇಲೆ ಇಳಿಯಲು ಶುರು. 40, 30, 18, 9, ಹೀಗೆ ಜಾರುತ್ತಾ ಹೋಗುತ್ತದೆ, ಕೊನೆಯ ಹತ್ತು ಪರ್ಸೆಂಟ್ ಅಂತೂ ಎಳೆದೆಳೆದು ತುಂಬುತ್ತದೆ. ಇದು ಕಂಪನಿಯವರ ಆಟವಲ್ಲ, ಲಿಥಿಯಂ-ಅಯಾನ್ ಬ್ಯಾಟರಿಯನ್ನು ತುಂಬಿಸುವ ಕ್ರಮವೇ ಹಾಗೆ. ಒಂದೊಂದು ಸೆಲ್ 4.2 ವೋಲ್ಟ್ ಆಸುಪಾಸಿಗೆ ಬರುವವರೆಗೆ ಒಂದೇ ಸಮ ಕರೆಂಟ್ ಕೊಡುತ್ತಾರೆ, ಆಮೇಲೆ ವೋಲ್ಟೇಜ್ ಅಷ್ಟಕ್ಕೇ ಹಿಡಿದಿಟ್ಟು ಕರೆಂಟನ್ನು ಕಡಿಮೆಯಾಗಲು ಬಿಡುತ್ತಾರೆ. ಅವಸರದಲ್ಲಿ ಹೊರಡುವಾಗ 80ಕ್ಕೆ ಕಿತ್ತುಕೊಂಡು ಹೋದರೆ ಸಮಯದ ಲೆಕ್ಕದಲ್ಲಿ ಲಾಭ ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪೂರ್ತಿ ತುಂಬಿದ ಮೇಲೆ ಮೀಟರ್ ಒಂದೆರಡು ವ್ಯಾಟ್‌ಗೆ ಬಂದು ಕೂರುತ್ತದೆ. ಅಂದರೆ ಬ್ಯಾಟರಿಗೆ ಕರೆಂಟ್ ಹೋಗುವುದು ನಿಂತಿದೆ. "ಚಾರ್ಜ್‌ನಲ್ಲೇ ಬಿಟ್ಟರೆ ಓವರ್‌ಚಾರ್ಜ್ ಆಗಿ ಹಾಳಾಗುತ್ತದೆ" ಅನ್ನುವ ಮಾತಿಗೆ ಇಲ್ಲೇ ಉತ್ತರವಿದೆ. ಹಾಳು ಮಾಡುವುದು ಓವರ್‌ಚಾರ್ಜ್ ಅಲ್ಲ. ನೂರಕ್ಕೆ ತುಂಬಿ ಹಾಗೇ ತಿಂಗಳುಗಟ್ಟಲೆ ಇರುವುದು ಮತ್ತು ಬಿಸಿ, ಈ ಎರಡು ಸೇರಿದಾಗ ಬ್ಯಾಟರಿ ಬೇಗ ಮುದಿಯಾಗುತ್ತದೆ. ಹಾಸಿಗೆ ಮೇಲೆ ಇಟ್ಟು, ಕೆಳಗಿನ ಗಾಳಿಯ ದಾರಿ ಮುಚ್ಚಿ, ಚಾರ್ಜ್‌ಗೂ ಹಾಕಿ ಕೆಲಸ ಮಾಡುವುದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ದಿನವೂ ಮೇಜಿನ ಮೇಲೆ ಪ್ಲಗ್‌ನಲ್ಲೇ ಕೆಲಸ ಮಾಡುವವರು ಸೆಟ್ಟಿಂಗ್ಸ್‌ನಲ್ಲಿ 80ರ ಮಿತಿ ಹಾಕಿಕೊಳ್ಳಿ. ಈಗ ಬಹಳಷ್ಟು ಲ್ಯಾಪ್‌ಟಾಪ್‌ಗಳ ಜೊತೆ ಬರುವ ಕಂಪನಿಯ ಸಾಫ್ಟ್‌ವೇರ್‌ನಲ್ಲೋ ಬಯೋಸ್‌ನಲ್ಲೋ (ಆನ್ ಮಾಡುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಈ ಆಯ್ಕೆ ಇರುತ್ತದೆ. ಫೋನ್‌ಗಳಲ್ಲೂ ಬಂದಿದೆ, ಐಫೋನ್‌ನಲ್ಲಿ 2023ರ 15ನೇ ಸರಣಿಯಿಂದ ಇದೆ. ತಿಂಗಳುಗಟ್ಟಲೆ ಮುಟ್ಟದೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿ ಇಡಿ. ತಿಂಗಳಿಗೊಮ್ಮೆ ಪೂರ್ತಿ ಸೊನ್ನೆಗೆ ಇಳಿಸಬೇಕು ಅನ್ನುವುದು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು, ಅದನ್ನು ದಯವಿಟ್ಟು ಬಿಟ್ಟುಬಿಡಿ.

ಒಂದು ಮಿತಿ ಹೇಳಲೇಬೇಕು. ಈ ಮೀಟರ್ ಗೋಡೆಯ ಕಡೆಯದನ್ನು ಮಾತ್ರ ಅಳೆಯುತ್ತದೆ. ಕೇಬಲ್ ಕಡೆ ಏನಾಗುತ್ತಿದೆ ಅಂತ ನೇರವಾಗಿ ಹೇಳುವುದಿಲ್ಲ. ಆದರೂ ಸುಳಿವು ಸಿಗುತ್ತದೆ. 100 ವ್ಯಾಟ್ ಅಂತ ಬರೆದ ಯುಎಸ್‌ಬಿ-ಸಿ ಚಾರ್ಜರ್, ಅಷ್ಟು ತೆಗೆದುಕೊಳ್ಳಬಲ್ಲ ಲ್ಯಾಪ್‌ಟಾಪ್, ಬ್ಯಾಟರಿಯೂ ಖಾಲಿ, ಆದರೂ ಮೀಟರ್ 70ರ ಹತ್ತಿರವೇ ನಿಂತಿದ್ದರೆ ಅನುಮಾನ ಕೇಬಲ್ ಮೇಲೆ. ಸಾಮಾನ್ಯ ಸಿ ಕೇಬಲ್ 3 ಆಂಪ್‌ನದ್ದು, 20 ವೋಲ್ಟ್‌ನಲ್ಲಿ 60 ವ್ಯಾಟ್‌ಗೆ ಮುಗಿಯಿತು. 5 ಆಂಪ್ ಬೇಕಾದರೆ ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಆ ಚಿಪ್ ಕಾಣದಿದ್ದರೆ ಚಾರ್ಜರ್ 3 ಆಂಪ್ ದಾಟುವುದಿಲ್ಲ. ಎರಡು ಮೂರು ಪೋರ್ಟ್ ಇರುವ ಚಾರ್ಜರ್‌ಗೆ ಎರಡನೇ ಸಾಧನ ಸಿಕ್ಕಿಸಿದಾಗ ಮೀಟರ್ ಒಂದು ಕ್ಷಣ ಸೊನ್ನೆಗೆ ಬಿದ್ದು ಮತ್ತೆ ಏರುವುದನ್ನೂ ನೋಡಬಹುದು. ಇರುವ ವ್ಯಾಟನ್ನು ಹೊಸದಾಗಿ ಹಂಚಲು ಅನೇಕ ಚಾರ್ಜರ್‌ಗಳು ಎಲ್ಲ ಪೋರ್ಟನ್ನೂ ಒಮ್ಮೆ ಕಡಿದು ಮತ್ತೆ ಮಾತಾಡಿಸುತ್ತವೆ. ಬ್ಯಾಟರಿ ಇಲ್ಲದ ಸಾಧನವನ್ನು ಅಂಥ ಚಾರ್ಜರ್‌ನಲ್ಲಿ ನಡೆಸುತ್ತಿದ್ದರೆ ಅದು ಆ ಕ್ಷಣ ರೀಸ್ಟಾರ್ಟ್ ಆಗಿಬಿಡುತ್ತದೆ, ನೆನಪಿರಲಿ.

ಮೀಟರ್‌ನ ದೋಷಗಳಿಗೆ ಬರೋಣ. ಪರದೆ ಡಬ್ಬಿಯ ಮುಂದೆಯೇ ಇದೆ, ಹಿಂಬೆಳಕು ಇಲ್ಲ. ಮೇಜಿನ ಕೆಳಗಿನ ಸಾಕೆಟ್‌ಗೆ ಹಾಕಿದರೆ ಟಾರ್ಚ್ ಹಿಡಿದು ಬಗ್ಗಿ ಓದಬೇಕು. ದಪ್ಪ ಮೈ, ಪಕ್ಕದ ಸಾಕೆಟ್ಟನ್ನೂ ಅರ್ಧ ಮುಚ್ಚುತ್ತದೆ. ಗಿಡ್ಡ ಎಕ್ಸ್‌ಟೆನ್ಶನ್ ವೈರ್ ಜೊತೆಗಿದ್ದರೆ ಎರಡೂ ತೊಂದರೆ ತೀರುತ್ತವೆ. ಕರೆಂಟ್ ಹೋದಾಗ ಒಟ್ಟು ಯೂನಿಟ್ ಲೆಕ್ಕ ಉಳಿಯಲಿ ಅಂತ ಒಳಗೆ ಗುಂಡಿ ಸೆಲ್ ಇದೆ. ಅದು ಮುಗಿದರೆ ಲೆಕ್ಕ ಅಳಿಸಿಹೋಗುತ್ತದೆ, ಬದಲಿಸಲು ಸ್ಕ್ರೂ ಬಿಚ್ಚಬೇಕು. ಯೂನಿಟ್ ದರ ಹಾಕಿದರೆ ಖರ್ಚು ತೋರಿಸುವ ಸೌಲಭ್ಯವನ್ನು ನಾನು ಬಳಸುವುದಿಲ್ಲ. ಬಳಕೆ ಹೆಚ್ಚಾದಂತೆ ದರ ಬದಲಾಗುವ ಕಡೆ ಅದು ಕೊಡುವ ಮೊತ್ತ ಸರಿಬರುವುದಿಲ್ಲ. ವ್ಯಾಟ್ ನೋಡುವುದಕ್ಕಿಂತ, ಒಂದು ವಾರ ಬಿಟ್ಟು ಒಟ್ಟು ಯೂನಿಟ್ ನೋಡುವುದು ಈ ಸಾಧನದ ಅತ್ಯುತ್ತಮ ಉಪಯೋಗ. ನಮ್ಮ ಅಭ್ಯಾಸದ ಲೆಕ್ಕ ಸಿಗುವುದು ಅಲ್ಲೇ, ಅಲ್ವಾ?

ಕೊಳ್ಳುವಾಗ ಒಂದೇ ಒಂದು ವಿಷಯ ಗಟ್ಟಿಯಾಗಿ ನೋಡಿ. ಲ್ಯಾಪ್‌ಟಾಪಿನ ಸಣ್ಣ ಅಡಾಪ್ಟರ್‌ಗಳ ಪವರ್ ಫ್ಯಾಕ್ಟರ್ ಸಾಮಾನ್ಯವಾಗಿ ಕಡಿಮೆ, 0.5-0.6 ಇರಬಹುದು. ಅಂದರೆ ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ಬರುವ ಅಂಕಿ ನಿಜವಾದ ವ್ಯಾಟ್‌ಗಿಂತ ಬಹಳ ದೊಡ್ಡದು. ಮನೆಯ ಕರೆಂಟ್ ಬಿಲ್ ಸಾಮಾನ್ಯವಾಗಿ ನಿಜವಾದ ವ್ಯಾಟ್ ಮೇಲೆ ಬರುತ್ತದೆ. ಕೆಲವು ಅಗ್ಗದ ಮೀಟರ್‌ಗಳು ಸುಮ್ನೆ ಗುಣಿಸಿ ಅದನ್ನೇ ವ್ಯಾಟ್ ಅಂತ ತೋರಿಸುತ್ತವೆ. 30 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್‌ಗೆ 55 ಅಂದರೆ ಅಂಥ ಮೀಟರ್ ಇಟ್ಟುಕೊಂಡು ಏನು ಪ್ರಯೋಜನ? ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಅಡಾಪ್ಟರ್ ಸಿಕ್ಕಿಸಿ, ವೋಲ್ಟ್ ಮತ್ತು ಆಂಪ್ ಓದಿ, ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಗುಣಿಸಿ, ಆಮೇಲೆ ವ್ಯಾಟ್ ಓದಿ. ವ್ಯಾಟ್ ಸಾಕಷ್ಟು ಕಡಿಮೆ ಇದ್ದರೆ ಮೀಟರ್ ನಂಬಬಹುದು. ಎರಡೂ ಒಂದೇ ಬಂದು, ಪವರ್ ಫ್ಯಾಕ್ಟರ್ ಕೂಡ ಯಾವಾಗಲೂ 1 ಅಂತಲೇ ತೋರಿಸುತ್ತಿದ್ದರೆ ವಾಪಸ್ ಕಳಿಸಿ, ಬೇರೆ ತರಿಸಿಕೊಳ್ಳಿ.